ಹಡಗೇರುವ ಮುನ್ನ

ಸಮುದ್ರಯಾನವು ಕಲಿಯುಗದಲ್ಲಿ ವರ್ಜ್ಯವೆಂದು ಧರ್ಮಶಾಸ್ತ್ರದ ನಿಬಂಧಕಾರರು ಬರೆದಿಟ್ಟುದನ್ನು ನಾವು ಬಾಲ್ಯದಲ್ಲಿ ಓದಿದ್ದೆವು. ಆದರೂ ನಮ್ಮ ಕರಾವಳಿಯ ಹಿರಿಯರು ಹೊಟ್ಟೆಪಾಡಿಗಾಗಿ ಮಂಗಳೂರಿನಿಂದ ಉಗಿಹಡಗನ್ನೇರಿ ಮುಂಬಯಿಗೆ ಹೋದರು. ನಿವೃತ್ತರಾಗಿ ಹಿರಿಯಡ್ಕದ ಮನೆಯಲ್ಲಿ ಕುಳಿತ ನಾವು ಹಡಗೇರಲು ಮನಸ್ಸು ಮಾಡಿದುದು ಹೊಟ್ಟೆಪಾಡಿಗಲ್ಲ, ಮನೆಯಾಕೆಯ ಬಹುಕಾಲದ ಆಸೆಗಾಗಿ. ಮುಂಬಯಿಯಿಂದ ಲಕ್ಷದ್ವೀಪಕ್ಕೆ ಹೋಗಿಬರುವ ವಿಹಾರನೌಕೆಯನ್ನು ಆರಿಸಿಕೊಂಡೆವು. ಆಗ ಕಲಿತುದನ್ನು ಗೃಹಸ್ಥರಾದ ವಾಚಕರಲ್ಲಿ ಅರಿಕೆ ಮಾಡುತ್ತೇವೆ.

ವ್ಯಯದ ವಿಚಾರ ಮೊದಲು. ಜಾಹೀರಾತಿನಲ್ಲಿ ಕಾಣುವ ದರವು ಸಾಮಾನ್ಯವಾಗಿ ಒಂದು ಕೋಣೆಯಲ್ಲಿ ಇಬ್ಬರಿದ್ದಾಗ ತಲೆಗೊಂದರಂತೆ ತಗಲುವುದು. ತೆರಿಗೆ, ಬಂದರುಶುಲ್ಕ, ಸೇವಾಶುಲ್ಕಗಳು ಅನೇಕವೇಳೆ ಬೇರೆ. ಒಟ್ಟು ಮೊತ್ತವನ್ನು ಕೇಳಿ ತಿಳಿದೇ ಮುಂಗಡ ಕೊಡತಕ್ಕದ್ದು. ಕಿಟಕಿಯಿಲ್ಲದ ಒಳಕೋಣೆಗೆ ಬೆಲೆ ಕಡಿಮೆ. ಹಗಲೆಲ್ಲ ಮೇಲಟ್ಟದಲ್ಲಿರುವವರಿಗೆ ಅದು ಸಾಕು. ನಡುಗಡಲಿನಲ್ಲಿ ಮೊಬೈಲು ಬಲು ದುಬಾರಿ; ಮುಚ್ಚಿಡುವುದೇ ಕ್ಷೇಮ. ಉಡುಪಿಯಿಂದ ಕೊಂಕಣ ರೈಲಿನಲ್ಲಿ ಹೊರಟವರು ಒಂದು ದಿನ ಮೊದಲೇ ಮುಂಬಯಿ ಸೇರಬೇಕು. ಹಡಗು ರೈಲಿಗಾಗಿ ಕಾಯದು. ವೃದ್ಧರಿಗಿದ್ದ ರೈಲು ರಿಯಾಯಿತಿಯು 2020ರ ಮಾರ್ಚಿನಲ್ಲಿ ನಿಂತುದನ್ನೂ ಲೆಕ್ಕದಲ್ಲಿಡಬೇಕು.

ಇನ್ನು ಪತ್ರಗಳು. ಲಕ್ಷದ್ವೀಪವು ನಮ್ಮ ದೇಶದ್ದೇ ಆದರೂ, 1967ರ ನಿಯಮದಂತೆ, ಹೊರಗಿನ ಭಾರತೀಯರಿಗೂ ಅಲ್ಲಿಗೆ ಪ್ರವೇಶಾನುಮತಿ ಬೇಕು. ಪರದೇಶದ ರೇವನ್ನು ಮುಟ್ಟುವ ಹಡಗಾದರೆ ಪಾಸ್‌ಪೋರ್ಟು ಅವಶ್ಯ. ಅದರ ಅವಧಿ ಆರು ತಿಂಗಳಾದರೂ ಉಳಿದಿರಲಿ. ವಯಸ್ಕರ 36 ಪುಟದ ಪಾಸ್‌ಪೋರ್ಟಿಗೆ ಶುಲ್ಕ 1500 ರೂಪಾಯಿ. ತತ್ಕಾಲದಲ್ಲಿ ಬೇಕೆಂದರೆ ಮತ್ತೆ 2000. ಮುಂಚಿತವಾಗಿ ಅರ್ಜಿ ಹಾಕಿದವನಿಗೆ ಅಷ್ಟೂ ಉಳಿತಾಯವೇ.

ನಮ್ಮ ಪ್ರಮಾದವನ್ನೂ ಹೇಳಿಬಿಡುತ್ತೇವೆ. ಟಿಕೆಟಿನ ಅರ್ಜಿಯನ್ನು ನಾವೇ ತುಂಬಿದೆವು. ಮನೆಯಾಕೆಯ ಹೆಸರಿನ ಕೊನೆಯ 'ತಿ'ಗೆ ಆಧಾರ್ ಚೀಟಿಯಲ್ಲಿ ಇಂಗ್ಲಿಷಿನ ಒಂದು 'ಎಚ್' ಸೇರಿತ್ತು. ಅಲ್ಪಪ್ರಾಣಕ್ಕೆ ಮಹಾಪ್ರಾಣದ ಗುರುತೇಕೆಂದು, ಸಂಸ್ಕೃತ ಕಲಿತ ಅಭಿಮಾನದಿಂದ, ಅದನ್ನು ಬಿಟ್ಟೆವು. ಹೊರಡಲು ಹತ್ತು ದಿನವಿರುವಾಗ, ಹೆಸರುಗಳು ಹೊಂದದೆ ಹಡಗು ಹತ್ತಿಸಲಾಗದೆಂಬ ಉತ್ತರ ಬಂತು. ಆಕೆ ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆಗಳನ್ನು ಒಂದೊಂದಾಗಿ ತೆಗೆದು ಕಪಾಟಿಗೆ ಸೇರಿಸಿದಳು. ನಮಗೊಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಲೇಸಾಗಿತ್ತು. ಮೂರು ದಿನ ಅಲೆದು ಹೆಸರು ತಿದ್ದಿಸಿದೆವು. ಒಳಕೋಣೆಯಿಂದ ಉಳಿದ ಹಣವೆಲ್ಲ ಅದಕ್ಕೇ ಸಂದಿತು.

ಹಡಗಿನಲ್ಲಿ ಮೊದಲ ಸೂರ್ಯೋದಯವನ್ನು ನೋಡುತ್ತ ಆಕೆ, "ನಿಮ್ಮ ಆ 'ಎಚ್' ಎಲ್ಲಿ?" ಎಂದು ನಕ್ಕಳು. "ಕೈಚೀಲದಲ್ಲಿ ಭದ್ರವಾಗಿದೆ" ಎಂದೆವು.

ಆದುದರಿಂದ ವಾಚಕರೇ, ಟಿಕೆಟಿನಲ್ಲಿ ಹೆಸರು ಬರೆಯುವಾಗ ವ್ಯಾಕರಣವನ್ನು ನೋಡಬೇಡಿರಿ. ಗುರುತಿನ ಚೀಟಿಯನ್ನು ಎದುರಿಗಿಟ್ಟುಕೊಂಡು ಅದರಲ್ಲಿದ್ದಂತೆಯೇ ಬರೆಯಿರಿ.