ಓಮಿನ ಹತ್ತನೆಯ ಒಂದು ಪಾಲು

ಓಮನ ನಿಯಮದ ಪಾಠಕ್ಕೆ ನಾನು ಅಗತ್ಯಕ್ಕಿಂತ ಹೆಚ್ಚು ಪಿರಿಯಡ್ಡುಗಳನ್ನು ಬಳಸಿಕೊಳ್ಳುತ್ತೇನೆಂಬ ಆಕ್ಷೇಪ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಬಹಳ ಕಾಲ ಇತ್ತು. ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು: ಎರಡು ಶುಷ್ಕಕೋಶ, ಒಂದು ಟಾರ್ಚಿನ ಬಲ್ಬು, ತುಕ್ಕು ಹಿಡಿದ ಒಂದು ಮೊಳೆ. ಮೊಳೆಯನ್ನು ಮಂಡಲದೊಳಗೆ ಸೇರಿಸಿದರೆ ಬಲ್ಬು ಮಂಕಾಗುತ್ತಿತ್ತು; ಅದನ್ನೇ ಉಪ್ಪುಕಾಗದದಿಂದ ಉಜ್ಜಿ ಸೇರಿಸಿದರೆ ಬೆಳಗುತ್ತಿತ್ತು. "ತಂತಿ ಕಡಿದಿಲ್ಲ, ಬ್ಯಾಟರಿ ಸತ್ತಿಲ್ಲ, ಹಾಗಾದರೆ ಬೆಳಕು ಎಲ್ಲಿ ಹೋಯಿತು?" ಎಂದು ಕೇಳುವುದು ನನ್ನ ವಾಡಿಕೆ. ಆ ಪ್ರಶ್ನೆಗೆ ಒಬ್ಬ ಮನುಷ್ಯನ ಪ್ರಾಣ ತೂಗಿಬಿದ್ದಿರುವುದನ್ನು ನಾನು ಕಂಡದ್ದು ಮಾತ್ರ ನಿವೃತ್ತಿಯಾದ ಎಷ್ಟೋ ವರ್ಷಗಳ ಮೇಲೆ, 2023ರ ಬೇಸಿಗೆಯಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಒಂದು ಪುಟ್ಟ ವಿಮಾನ ನಿಲ್ದಾಣದಲ್ಲಿ.

ಮಗಳ ಮನೆಯಲ್ಲಿ ನಾಲ್ಕು ತಿಂಗಳು ಇರಲು ಹೋಗಿದ್ದೆ. ಅಲ್ಲಿಂದ ಒಂದು ಗಂಟೆಯ ಹಾದಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಾಸವಾಗಿದ್ದಾನೆ. ಹೆಸರು ಬರೆಯಕೂಡದೆಂದು ಅವನ ಕಟ್ಟಪ್ಪಣೆಯಾಗಿದೆ. ಅವನ ತಂಡದವರಿಗೆ ಹೇಗೂ ಗೊತ್ತಾಗುತ್ತದೆ. ವೃತ್ತಿಯಿಂದ ಸಾಫ್ಟ್‌ವೇರಿನವನಾದ ಆತ ಏಳು ವರ್ಷಗಳಿಂದ ಒಂದು ವಿಮಾನವನ್ನು ಕಟ್ಟುತ್ತಿದ್ದ. ಆಟಿಕೆಯಲ್ಲ, ಇಬ್ಬರು ಪಕ್ಕಪಕ್ಕದಲ್ಲಿ ಕುಳಿತು ಹಾರಬಹುದಾದ ನಿಜವಾದ ವಿಮಾನ, ಆರ್‌ವಿ-7. ಆರೆಗನ್ ರಾಜ್ಯದ ಅರೋರಾದಲ್ಲಿರುವ ವ್ಯಾನ್ಸ್ ಏರ್‌ಕ್ರಾಫ್ಟ್ ಎಂಬ ಸಂಸ್ಥೆ ಅಲ್ಯೂಮಿನಿಯಮ್ ತಗಡುಗಳನ್ನೂ ನಕ್ಷೆಗಳನ್ನೂ ಕಳಿಸುತ್ತದೆ. ಸಾವಿರಾರು ರಿವೆಟ್ಟುಗಳನ್ನು ಬಡಿದು ಜೋಡಿಸುವ ಕೆಲಸ ಕೊಂಡವನದು. ಕೆಲಸದ ಹೆಚ್ಚಿನ ಭಾಗವನ್ನು ಹವ್ಯಾಸಿಗಳೇ ತಮ್ಮ ಕಲಿಕೆಗಾಗಿಯೋ ಸಂತೋಷಕ್ಕಾಗಿಯೋ ಮಾಡಿದ್ದರೆ ಅಂಥ ವಿಮಾನಕ್ಕೆ 'ಪ್ರಾಯೋಗಿಕ' ಎಂಬ ವರ್ಗದಲ್ಲಿ ಹಾರಲು ಅಲ್ಲಿನ ಕಾನೂನು ಅನುಮತಿ ಕೊಡುತ್ತದೆ. ಕಾನೂನಿನ ಪುಸ್ತಕದಲ್ಲಿ ಕಲಿಕೆಯನ್ನು ಒಂದು ಕಾರಣವಾಗಿ ಬರೆದಿರುವುದು ಮೇಷ್ಟ್ರಾದ ನನಗೆ ಬಹಳ ಹಿಡಿಸಿತು. ಇಂಥವರ ಸಂಘವೊಂದು 1953ರಲ್ಲೇ ಹುಟ್ಟಿಕೊಂಡಿದ್ದು, ಪ್ರತಿವರ್ಷ ಜುಲೈ ತಿಂಗಳ ಕೊನೆಯಲ್ಲಿ ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್‌ನಲ್ಲಿ ಅದರ ಜಾತ್ರೆ ನೆರೆಯುತ್ತದೆ.

ಸಮಸ್ಯೆಯಿದ್ದುದು ಎಂಜಿನ್ನಿನಲ್ಲಿ. ಅದನ್ನು ಹೇಳುವ ಮೊದಲು ಸ್ವಲ್ಪ ಹಿನ್ನೆಲೆ ಬೇಕು, ತಾಳ್ಮೆಯಿರಲಿ.

ಸಣ್ಣ ವಿಮಾನಗಳ ಎಂಜಿನ್ನಿನಲ್ಲಿ ಕಿಡಿಯನ್ನು ಕೊಡುವುದು ಸಾಂಪ್ರದಾಯಿಕವಾಗಿ ಮ್ಯಾಗ್ನೆಟೊ ಎಂಬ ಸಾಧನ. ಎಂಜಿನ್ನೇ ತಿರುಗಿಸುವ ಒಂದು ಅಯಸ್ಕಾಂತ, ಅದರಿಂದ ಪ್ರೇರಿತವಾಗುವ ವಿದ್ಯುತ್ತು. ಫ್ಯಾರಡೆಯ ಪಾಠ, ಅಷ್ಟೆ. ಬ್ಯಾಟರಿಯ ಹಂಗಿಲ್ಲ. ರೈಟ್ ಸಹೋದರರ 1903ರ ಎಂಜಿನ್ನಿಗೂ ಮ್ಯಾಗ್ನೆಟೊವೇ ಕಿಡಿ ಕೊಟ್ಟದ್ದು. ಇಂಧನವನ್ನು ಕಾರ್ಬ್ಯುರೇಟರ್ ಎಂಬ ಪಾತ್ರೆಯ ಮೂಲಕ ಗಾಳಿಯೇ ಹೀರಿಕೊಳ್ಳುತ್ತದೆ. ವಿಮಾನದ ವಿದ್ಯುತ್ತೆಲ್ಲ ಹೋದರೂ ದೀಪ, ರೇಡಿಯೊಗಳು ಆರುತ್ತವೆಯೇ ಹೊರತು ಎಂಜಿನ್ ತನ್ನ ಪಾಡಿಗೆ ತಾನು ತಿರುಗುತ್ತಿರುತ್ತದೆ. ಇನ್ನೊಂದು ವಿಚಿತ್ರವೆಂದರೆ, ಮ್ಯಾಗ್ನೆಟೊವನ್ನು ನಿಲ್ಲಿಸಲು ಸ್ವಿಚ್ಚು ಅದರ ತಂತಿಯನ್ನು ಎಂಜಿನ್ನಿನ ಮೈಗೆ ಮುಟ್ಟಿಸಬೇಕು. ಆ ತಂತಿ ಕಡಿದುಹೋದರೆ ಎಂಜಿನ್ ನಿಲ್ಲುವುದೇ ಇಲ್ಲ. ನಿಂತ ವಿಮಾನದ ಪ್ರೊಪೆಲರನ್ನು ಕೈಯಿಂದ ತಿರುಗಿಸಹೋದವರನ್ನು ಅದು ಹೊಡೆದು ಕೊಂದ ಪ್ರಸಂಗಗಳ ಹಿಂದೆ ಇರುವುದು ಇದೇ.

ಎಲೆಕ್ಟ್ರಾನಿಕ್ ಇಂಧನ ಚಿಮ್ಮುವಿಕೆಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಇಸಿಯು ಎಂಬ ಪುಟ್ಟ ಗಣಕವೊಂದು ಗಾಳಿಯ ಒತ್ತಡ, ಉಷ್ಣತೆ, ದಂಡದ ಸ್ಥಾನ ಇವನ್ನೆಲ್ಲ ಸಂವೇದಕಗಳಿಂದ ತಿಳಿದು, ಇಂಜೆಕ್ಟರು ಎಷ್ಟು ಮಿಲಿಸೆಕೆಂಡು ತೆರೆದಿರಬೇಕೆಂದು ನಿರ್ಣಯಿಸುತ್ತದೆ. ನಿಮಿಷಕ್ಕೆ 2,700 ಸುತ್ತು ತಿರುಗುವ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿನ ಸರದಿ ಸೆಕೆಂಡಿಗೆ 22 ಸಲಕ್ಕೂ ಮೀರಿ ಬರುತ್ತದೆ. ಎರಡು ಸುತ್ತಿಗೊಂದು ಸರದಿ, ಲೆಕ್ಕ ಹಾಕಿ ನೋಡಿ. ಇದರಿಂದ ಲಾಭಗಳಿವೆ. ಕಾರ್ಬ್ಯುರೇಟರಿನಲ್ಲಿ ಹಿಮಗಟ್ಟುವ ಭಯವಿಲ್ಲ, ಇಂಧನ ಹದವಾಗಿ ಹಂಚಿಕೆಯಾಗುತ್ತದೆ, ಬಿಸಿ ಎಂಜಿನ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಆದರೆ ಪಂಪಿಗೂ ವಿದ್ಯುತ್ತು, ಇಂಜೆಕ್ಟರಿಗೂ ವಿದ್ಯುತ್ತು. ಕಿಡಿಯನ್ನೂ ಗಣಕಕ್ಕೇ ಒಪ್ಪಿಸಿದ್ದರೆ ಅದಕ್ಕೂ ವಿದ್ಯುತ್ತು. ಅಲ್ಲಿ ತಂತಿ ಕಡಿದರೆ ಎಂಜಿನ್ ನಿಲ್ಲದು; ಇಲ್ಲಿ ತಂತಿ ಕಡಿದರೆ ಎಂಜಿನ್ ನಿಂತಿತು. ಇಂಧನದ ಕೊಳವೆಗೆ ಯಾವ ಗೌರವವೋ ಅದೇ ಗೌರವ ಇನ್ನು ತಾಮ್ರದ ತಂತಿಗೂ ಸಲ್ಲಬೇಕು.

ಕಾರ್ಖಾನೆಯಲ್ಲಿ ಮಾಡಿದ ಕಾರಿನಲ್ಲಿ ಈ ತಂತಿಗಳ ಕಟ್ಟನ್ನು ಒಮ್ಮೆ ವಿನ್ಯಾಸ ಮಾಡಿ, ಪರೀಕ್ಷಿಸಿ, ಲಕ್ಷಗಟ್ಟಲೆ ಹೆಣೆಯುತ್ತಾರೆ. ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ ಒಂದೊಂದು ಕಟ್ಟೂ ಜಗತ್ತಿನಲ್ಲಿ ಮೊದಲನೆಯದು ಮತ್ತು ಕೊನೆಯದು. ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಇಂಥ ವಿಮಾನಗಳ ಬಗ್ಗೆ ಅಧ್ಯಯನ ನಡೆಸಿದಾಗ, ಎಂಜಿನ್ ಶಕ್ತಿಯ ವೈಫಲ್ಯವೂ ಹಾರಾಟದಲ್ಲಿ ಹಿಡಿತ ತಪ್ಪುವುದೂ ಅಪಘಾತಗಳಲ್ಲಿ ಮುಂಚೂಣಿಯಲ್ಲಿದ್ದುವು. ಇದು ನನ್ನ ವಿದ್ಯಾರ್ಥಿಗೂ ಗೊತ್ತಿತ್ತು, ಅವನ ಹೆಂಡತಿಗೂ ಗೊತ್ತಿತ್ತು. ನನ್ನನ್ನು ಊಟಕ್ಕೆ ಕರೆದ ಆ ಹೆಣ್ಣುಮಗಳು ಬಡಿಸುತ್ತಾ, "ನೀವು ಹೇಳಿದರೆ ಕೇಳುತ್ತಾರೆ ಸಾರ್, ಅದು ಸರಿಯಾಗುವವರೆಗೆ ಹಾರಬೇಡ ಎಂದು ಹೇಳಿ" ಎಂದಳು. ಹೇಳಿದೆ. ಅಷ್ಟಕ್ಕೆ ಬಿಡದೆ ಮುಂದಿನ ಮೂರು ಶನಿವಾರ ಅವನ ಜೊತೆ ಹ್ಯಾಂಗರಿಗೂ ಹೋದೆ.

ದೋಷದ ಲಕ್ಷಣ ಹೀಗಿತ್ತು. ನೆಲದ ಮೇಲೆ ಎಂಜಿನ್ ಓಡಿಸುವಾಗ ಒಂದು ಪಂಪಿನಲ್ಲಿ ಸರಾಗವಾಗಿ ಓಡುತ್ತಿತ್ತು. ಮೇಲೇರುವಾಗ ಮುಂಜಾಗ್ರತೆಗೆಂದು ಎರಡನೆಯ ಪಂಪನ್ನೂ ಹಾಕಿಕೊಳ್ಳುವ ಕ್ರಮವನ್ನು ಆತ ಇಟ್ಟುಕೊಂಡಿದ್ದ. ಅದನ್ನು ಹಾಕಿದೊಡನೆ ಎಂಜಿನ್ ಮುಗ್ಗರಿಸುತ್ತಿತ್ತು. ಅಂದರೆ, ಅತ್ಯಂತ ಹೆಚ್ಚು ಶಕ್ತಿ ಬೇಕಾದ, ಇಳಿಯಲು ಜಾಗವೂ ಎತ್ತರವೂ ಇಲ್ಲದ ಗಳಿಗೆಯಲ್ಲಿಯೇ ಕೈಕೊಡುವ ದೋಷ. ಆತ ಇಂಜೆಕ್ಟರುಗಳನ್ನು ಬದಲಿಸಿ ನೋಡಿದ್ದ, ಇಂಧನದ ಒತ್ತಡವನ್ನು ಅಳೆದಿದ್ದ, ಗಣಕದ ಕೋಷ್ಟಕಗಳನ್ನು ತಿದ್ದಿದ್ದ. ಸಾಫ್ಟ್‌ವೇರಿನವರು ಮೊದಲು ಕೋಷ್ಟಕವನ್ನು ಸಂಶಯಿಸುತ್ತಾರೆ. ಅದು ಅವರ ಊರಿನ ರಸ್ತೆ.

ನನಗೆ ಎಂಜಿನ್ನಿನ ವಿದ್ಯೆ ತಿಳಿಯದು. ಆದ್ದರಿಂದ ಪರದೆಯ ಮೇಲೆ ಮೂಡುತ್ತಿದ್ದ ಅಂಕಿಗಳನ್ನು ನೋಡುತ್ತಾ ಕುಳಿತೆ. ಎರಡನೆಯ ಶನಿವಾರ, ಎಂಜಿನ್ ತಣ್ಣಗೆ ನಿಂತಿದ್ದಾಗ ಆತ ಪಂಪನ್ನು ಮಾತ್ರ ಹಾಕಿದ. ಎಂಜಿನ್ನಿನ ಉಷ್ಣತೆಯ ಅಂಕಿ ಟಕ್ಕನೆ ಮೇಲಕ್ಕೆ ಹಾರಿತು. ಆರಿಸಿದ, ಕೆಳಕ್ಕಿಳಿಯಿತು. ಮತ್ತೆ ಹಾಕಿಸಿದೆ, ಮತ್ತೆ ಏರಿತು. ನೂರು ಕಿಲೋಗ್ರಾಮಿಗೂ ಮೀರಿದ ಲೋಹದ ರಾಶಿ ಒಂದು ಸೆಕೆಂಡಿನಲ್ಲಿ ಕಾದು ಮರುಸೆಕೆಂಡಿನಲ್ಲಿ ತಣಿಯಲಾರದು. ವಿಶಿಷ್ಟೋಷ್ಣದ ಪಾಠ ಓದಿದ ಯಾವ ಹುಡುಗನೂ ಅದನ್ನು ನಂಬಬಾರದು. ಬಿಸಿಯಾದದ್ದು ಎಂಜಿನ್ ಅಲ್ಲ, ಸುಳ್ಳಾದದ್ದು ಅಳತೆ. ಎಂಜಿನ್ ಬಿಸಿಯಾಗಿದೆಯೆಂದು ನಂಬಿದ ಗಣಕ ಇಂಧನವನ್ನು ಕಡಿಮೆ ಮಾಡುತ್ತದೆ. ಇಂಧನ ಸಾಲದೆ ಎಂಜಿನ್ ಮುಗ್ಗರಿಸುತ್ತದೆ. ಇಲ್ಲಿಯವರೆಗೆ ಎಳೆ ಸಿಕ್ಕಿತು. ಪಂಪು ಹಾಕಿದರೆ ಉಷ್ಣತೆಯ ಸಂವೇದಕ ಏಕೆ ಸುಳ್ಳು ಹೇಳಬೇಕು?

ಅಲ್ಲಿ ಸಂಶಯಕ್ಕೆ ಬಂದದ್ದು ಗ್ರೌಂಡ್, ಅಂದರೆ ವಿದ್ಯುತ್ತು ಬ್ಯಾಟರಿಯ ಋಣ ತುದಿಗೆ ಮರಳುವ ದಾರಿ. ಆತ ಮಲ್ಟಿಮೀಟರ್ ಹಿಡಿದು ಆ ದಾರಿಯ ರೋಧವನ್ನು ಆಗಲೇ ಅಳೆದಿದ್ದ. 0.3 ಓಮ್ ತೋರಿಸಿತ್ತು. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದರೂ ಹೆಚ್ಚುಕಡಿಮೆ ಅಷ್ಟೇ ತೋರಿಸುತ್ತಿತ್ತು. ಆದ್ದರಿಂದ ದಾರಿ ಸರಿಯಾಗಿದೆಯೆಂದು ಬಿಟ್ಟಿದ್ದ. ಪಕ್ಕದ ಹ್ಯಾಂಗರಿನಲ್ಲಿ, ಬದುಕಿಡೀ ವಿಮಾನಗಳ ತಂತಿ ಕಟ್ಟಿ ನಿವೃತ್ತರಾದ ವೃದ್ಧರೊಬ್ಬರಿದ್ದರು. ಅವರು ಬಂದು ನೋಡಿ ಹೇಳಿದ ಮಾತಿನ ಸಾರಾಂಶವಿಷ್ಟು: ಮಲಗಿರುವ ತಂತಿಯ ರೋಧವನ್ನು ಕೇಳಬೇಡ, ದುಡಿಯುತ್ತಿರುವ ತಂತಿಯ ವಿಭವಾಂತರವನ್ನು ಕೇಳು. ನಾನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದದ್ದನ್ನು ಅವರು ಒಂದು ಮಾತಿನಲ್ಲಿ ಮುಗಿಸಿದರು.

ಪ್ರೊಪೆಲರ್ ತಿರುಗದೆ ಮಾಡಬಹುದಾದ ಪರೀಕ್ಷೆ ಅದು. ಎಂಜಿನ್ ಆರಿಸಿಟ್ಟು, ಎರಡು ಪಂಪುಗಳನ್ನೂ ಗಣಕವನ್ನೂ ಹಾಕಿದೆವು. ಅಮ್ಮೀಟರು 12 ಆಂಪಿಯರ್ ತೋರಿಸಿತು. ಬ್ಯಾಟರಿಯ ತುದಿಗಳಲ್ಲಿ 12.4 ವೋಲ್ಟ್, ಗಣಕದ ಮೊನೆಗಳಲ್ಲಿ 11.0. ನಡುವೆ 1.4 ವೋಲ್ಟ್ ಎಲ್ಲಿಯೋ ಸೋರಿತ್ತು. ಧನ ತುದಿಯ ದಾರಿಯಲ್ಲಿ ಮೀಟರನ್ನಿಟ್ಟರೆ 0.2, ಅದು ಸಹಜ. ಋಣ ತುದಿಯ ದಾರಿಯಲ್ಲಿ 1.2. ಆಮೇಲೆ ಒಂದೊಂದೇ ಸಂದಿಯನ್ನು ದಾಟುತ್ತಾ ಹೋದೆವು. ಗಣಕದಿಂದ ಗ್ರೌಂಡ್ ಪಟ್ಟಿಗೆ ಏನೂ ಇಲ್ಲವೆನ್ನುವಷ್ಟು. ಪಟ್ಟಿಯಿಂದ ಎಂಜಿನ್ನಿಗೂ ಚಾಲಕನ ಕೋಣೆಗೂ ನಡುವಿನ ಗೋಡೆಯ ಬೋಲ್ಟಿನವರೆಗೆ ಅಷ್ಟೇ. ಬೋಲ್ಟಿನ ಈಚೆ ಆಚೆಗೆ ಕಡ್ಡಿ ಇಟ್ಟಾಗ ಸುಮಾರು 1.2 ವೋಲ್ಟ್ ಅಲ್ಲಿಯೇ ಕುಳಿತಿತ್ತು. 1.2ನ್ನು 12ರಿಂದ ಭಾಗಿಸಿ: ಓಮಿನ ಹತ್ತನೆಯ ಒಂದು ಪಾಲು. ಮೀಟರಿನ ಕಡ್ಡಿಗಳ ರೋಧಕ್ಕಿಂತಲೂ ಕಡಿಮೆ, ಆದ್ದರಿಂದಲೇ ಅದು ಕಣ್ಣಿಗೆ ಬಿದ್ದಿರಲಿಲ್ಲ. 1.2ನ್ನು 12ರಿಂದ ಗುಣಿಸಿದರೆ 14 ವಾಟ್‌ಗಿಂತ ಹೆಚ್ಚು. ಅಷ್ಟು ಶಾಖ ಆ ಬೋಲ್ಟಿನಲ್ಲಿ ಹುಟ್ಟುತ್ತಿತ್ತು. ಮುಟ್ಟಿ ನೋಡಿದೆ, ಬೆಚ್ಚಗಿತ್ತು.

ಬಿಚ್ಚಿದಾಗ ಕಾರಣ ಕಂಡಿತು. ತುಕ್ಕು ಬಾರದಿರಲೆಂದು ಶ್ರದ್ಧೆಯಿಂದ ಬಳಿದ ಹಸಿರು ಬಣ್ಣ ತಂತಿಯ ಬಳೆಯ ಅಡಿಯಲ್ಲಿಯೂ ಇತ್ತು. ಬಣ್ಣ ವಿದ್ಯುತ್ತನ್ನು ಹಾಯಿಸದು. ಬೋಲ್ಟಿನ ಮರೆಯ ಕೆಲವು ಎಳೆಗಳ ಮೂಲಕ ಮಾತ್ರ ಪ್ರವಾಹ ನುಸುಳುತ್ತಿತ್ತು. ಪಂಪು, ಗಣಕ ಎರಡೂ ಮರಳುತ್ತಿದ್ದುದು ಆ ಬೋಲ್ಟಿನ ಮೂಲಕ. ಉಷ್ಣತೆಯ ಸಂವೇದಕ ಮಾತ್ರ ಎಂಜಿನ್ನಿನ ಮೈಯ ಮೂಲಕ, ಇನ್ನೊಂದು ಒಳ್ಳೆಯ ದಪ್ಪ ತಂತಿಯಿಂದ ಬ್ಯಾಟರಿಗೆ ಮರಳುತ್ತಿತ್ತು. ಪಂಪು ಓಡಿದಾಗ ಗಣಕದ ಸೊನ್ನೆ ಒಂದು ವೋಲ್ಟಿಗೂ ಹೆಚ್ಚು ಮೇಲೆದ್ದಿತು, ಸಂವೇದಕದ ಸೊನ್ನೆ ಕೆಳಗೇ ಉಳಿಯಿತು. ಇಬ್ಬರು ಬೇರೆಬೇರೆ ಎತ್ತರದ ಕಲ್ಲಿನ ಮೇಲೆ ನಿಂತು ಎತ್ತರ ಅಳೆದುಕೊಂಡ ಹಾಗೆ.

ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆದು, ಹಲ್ಲಿರುವ ವಾಷರ್ ಹಾಕಿ ಬಿಗಿದ ಮೇಲೆ ಅದೇ 12 ಆಂಪಿಯರಿಗೆ 0.02 ವೋಲ್ಟ್ ತೋರಿತು. ಉಷ್ಣತೆಯ ಅಂಕಿ ಅಲುಗಲಿಲ್ಲ. ಆ ಏಕತಂತಿಯ ಸಂವೇದಕವನ್ನು ತೆಗೆದು, ಗಣಕಕ್ಕೇ ಮರಳುವ ಎರಡು ತಂತಿಯದನ್ನು ಹಾಕಲು ಆತ ನಿಶ್ಚಯಿಸಿದ. ಎಂಜಿನ್ ರಬ್ಬರಿನ ಗದ್ದಿಗೆಯ ಮೇಲೆ ಕುಳಿತಿರುವುದರಿಂದ ಅದರ ದಪ್ಪ ಗ್ರೌಂಡ್ ತಂತಿಯನ್ನೂ ಬಿಚ್ಚಿ ನೋಡಿದೆವು. ಅದು ಸಡಿಲಾದರೆ ಸ್ಟಾರ್ಟರಿನ ನೂರಾರು ಆಂಪಿಯರ್ ಥ್ರಾಟಲಿನ ಉಕ್ಕಿನ ಹಗ್ಗದ ಮೂಲಕವೋ ಸಂವೇದಕದ ಎಳೆಯಂಥ ತಂತಿಯ ಮೂಲಕವೋ ಹಾದಿ ಹುಡುಕಿ ಸುಟ್ಟುಬಿಡುತ್ತದೆ ಎಂದು ಆ ವೃದ್ಧರು ಎಚ್ಚರಿಸಿದರು. ಬೆಸುಗೆ ಹಾಕಿದ ಎರಡು ಜೋಡಣೆಗಳನ್ನು ಅವರು ಕತ್ತರಿಸಿಯೇ ಬಿಟ್ಟರು. ಬೆಸುಗೆಯ ಸೀಸ ತಂತಿಯ ಎಳೆಗಳೊಳಗೆ ಏರಿ ಅದನ್ನು ಕಡ್ಡಿಯಂತೆ ಬಿರುಸಾಗಿಸುತ್ತದೆ. ಕಂಪನಕ್ಕೆ ಆ ಬಿರುಸು ಮುಗಿಯುವ ಅಂಚಿನಲ್ಲಿ, ಹೊದಿಕೆಯ ಒಳಗೇ, ಕಡಿಯುತ್ತದೆ. ಸರಿಯಾದ ಇಕ್ಕಳದಿಂದ ಒತ್ತಿದ ಜೋಡಣೆಯೇ ಇಲ್ಲಿ ಮೇಲು.

ಊರಿಗೆ ಹಿಂದಿರುಗುವ ಮುನ್ನ ಅವನೊಡನೆ ನಕ್ಷೆಯ ಮುಂದೆ ಒಂದು ಸಂಜೆ ಕುಳಿತೆ. ಎರಡು ಪಂಪು, ಎರಡು ಬ್ಯಾಟರಿ, ಎರಡು ಗಣಕ ಇದ್ದವು. ಎಲ್ಲವನ್ನೂ ಜೋಡಿಯಾಗಿ ಇಟ್ಟಿದ್ದೇನೆಂದು ಆತನಿಗೆ ಹೆಮ್ಮೆ. ಆದರೆ ಬೆರಳಿಟ್ಟು ಒಂದೊಂದೇ ಗೆರೆಯನ್ನು ಹಿಂಬಾಲಿಸಿದಾಗ ಎಲ್ಲ ಜೋಡಿಗಳೂ ಬಂದು ಸೇರುತ್ತಿದ್ದುದು ಆ ಒಂದೇ ಬೋಲ್ಟಿಗೆ. ಜೋಡಿ ಎತ್ತುಗಳಿಗೆ ಒಂದೇ ಕಣ್ಣಿಯ ಹಗ್ಗ. ಎರಡನೆಯ ಗಣಕಕ್ಕೆ ಬೇರೆಯದೇ ದಾರಿಯನ್ನು ಬ್ಯಾಟರಿಯವರೆಗೆ ಎಳೆದ ಮೇಲೆಯೇ ಆತ ಹಾರುವ ಮಾತನಾಡಿದ್ದು.

ನಮ್ಮ ಬೆಂಗಳೂರಿಗೂ ಈ ವಿಷಯ ದೂರದ್ದಲ್ಲ. ಎನ್‌ಎಎಲ್‌ನವರು ರೂಪಿಸಿ 2021ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿಸಿದ ಹಂಸ-ಎನ್‌ಜಿ ತರಬೇತಿ ವಿಮಾನದಲ್ಲಿರುವುದು ಇದೇ ಬಗೆಯ, ಗಣಕದ ಹಿಡಿತದಲ್ಲಿ ಇಂಧನ ಚಿಮ್ಮುವ ರೋಟಾಕ್ಸ್ 912 ಎಂಜಿನ್. ಎಂಜಿನ್ ತಯಾರಕರೇ ಅದರೊಳಗೆ ನಿಯಂತ್ರಣದ ಎರಡು ಪಥಗಳನ್ನೂ ಎರಡು ಜನಕಗಳನ್ನೂ ಇಟ್ಟಿದ್ದಾರೆ.

ನನ್ನ ವಿದ್ಯಾರ್ಥಿಯ ವಿಮಾನ ಆ ಅಕ್ಟೋಬರಿನಲ್ಲಿ ಮೊದಲ ಬಾರಿ ನೆಲ ಬಿಟ್ಟಿತು. ನಿಯಮದಂತೆ ವಿಧಿಸಿದ ನಲವತ್ತು ಗಂಟೆಗಳ ಪರೀಕ್ಷಾ ಹಾರಾಟವನ್ನು ಅವನು ಪ್ರಯಾಣಿಕರಿಲ್ಲದೆ ಮುಗಿಸಿದ. ಪ್ರತಿ ಹತ್ತು ಗಂಟೆಗೊಮ್ಮೆ ಆ ಬೋಲ್ಟಿನ ವಿಭವಾಂತರವನ್ನು ಅಳೆದು ನನಗೆ ಬರೆದು ಕಳಿಸುತ್ತಿದ್ದ. ನಾಲ್ಕು ಅಂಕಿಗಳೂ ನನ್ನ ದಿನಚರಿಯಲ್ಲಿವೆ: 0.02, 0.02, 0.03, 0.02. ಮೂರನೆಯದನ್ನು ಕಂಡು ನಾನು ಫೋನ್ ಮಾಡಿದೆ. "ಆ ದಿನ ಮೀಟರಿನ ಬ್ಯಾಟರಿ ಸೋತಿತ್ತು ಸಾರ್, ಬದಲಿಸಿದ್ದೇನೆ" ಎಂದ. ಹೊಸ ಬ್ಯಾಟರಿ ಹಾಕಿ ಮತ್ತೊಮ್ಮೆ ಅಳೆಯಲು ಹೇಳಿದೆ.