ಕೊಳಗ ಮತ್ತು ಮತಪೆಟ್ಟಿಗೆ

ಅಡಕೆಯ ಧಾರಣೆ, ಚುನಾವಣೆಯ ಫಲ—ಇವೆರಡನ್ನೂ ಮುಂಚಿತವಾಗಿ ಹೇಳಬಲ್ಲೆವೆಂಬ ಭರವಸೆ ಸಾಗರದವರಿಗೆ ಹಿಂದಿನಿಂದಲೂ ಉಂಟು. ಶಿವಮೊಗ್ಗ ಜಿಲ್ಲೆಯ ಈ ಮಲೆನಾಡ ಪೇಟೆಯಲ್ಲಿ, ಮಂಡಿಯ ಜಗಲಿಯ ಮೇಲೆ ಕವಳ ಹಾಕುತ್ತ ಕುಳಿತ ಮಹನೀಯರು ಮತಗಳ ಎಣಿಕೆಗೆ ಮೊದಲೇ ಸರಕಾರ ರಚಿಸಿ, ಖಾತೆಗಳನ್ನೂ ಹಂಚಿ ಏಳುತ್ತಾರೆ. ಧಾರಣೆಯಂತೆ ಮತದಾರನೂ ಅವರ ಮಾತನ್ನು ಲಕ್ಷಿಸುವುದು ಅಪರೂಪ. ಗೆದ್ದವರ ಪಕ್ಷಗಳನ್ನಷ್ಟೇ ಪಟ್ಟಿಮಾಡಿ ನೋಡಿದವರಿಗೆ ಇದು ನಿಲುವಿಲ್ಲದ ಊರೆಂದೇ ತೋರೀತು. ಆ ತೀರ್ಪು ಅವಸರದ್ದು.

ಈ ಸೀಮೆಯ ಒಲವಿನ ಮೂಲವನ್ನು ಅರಸುವವರು ಪೇಟೆಯನ್ನು ಬಿಟ್ಟು ಸಮೀಪದ ಕಾಗೋಡಿಗೆ ಹೋಗಬೇಕು. ಅಲ್ಲಿ ಜಗಳ ಹುಟ್ಟಿದ್ದು ಭತ್ತ ಅಳೆಯುವ ಕೊಳಗದಿಂದ. ಗೇಣಿಯನ್ನು ಅಳೆದುಕೊಳ್ಳುವಾಗ ಒಡೆಯರ ಕೊಳಗ ಹಿಗ್ಗುತ್ತಿತ್ತು. ಗೇಣಿದಾರರಲ್ಲಿ ಬಹುಮಂದಿ ದೀವರು, ಎಚ್. ಗಣಪತಿಯಪ್ಪನವರು ಅವರನ್ನು ಒಗ್ಗೂಡಿಸಿದರು. 1951ರ ಏಪ್ರಿಲ್ ತಿಂಗಳಲ್ಲಿ ಸತ್ಯಾಗ್ರಹ ಆರಂಭವಾಯಿತು. ಗದ್ದೆಗಿಳಿದು ನೇಗಿಲು ಹೂಡಿದ ತಪ್ಪಿಗೆ ರೈತರು ಸೆರೆಮನೆ ಕಂಡರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು.

ಮರುವರ್ಷವೇ ಮಹಾಚುನಾವಣೆ. ಆಗ ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಚಿತ್ರ. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು. ಸಮಾಜವಾದಿಗಳದು ಆಲದ ಮರ. ಎತ್ತನ್ನು ಬಲ್ಲಷ್ಟು ಬೇರೇನನ್ನೂ ಬಲ್ಲದ ಗೇಣಿದಾರ ಎತ್ತನ್ನು ಬಿಟ್ಟು ಮರವನ್ನು ಹಿಡಿದನೆಂಬುದು ಸೋಜಿಗವಲ್ಲವೆ? ಚಿತ್ರ ನೋಡಿ ಮತ ಹಾಕುವ ಅಕ್ಷರಹೀನರೆಂದು ಹಳ್ಳಿಗರನ್ನು ಕುರಿತು ಆಡುವವರು ಈ ಸಂಗತಿಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಇನ್ನೂ ಮೂವತ್ತು ತುಂಬದ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಹೋದರು. ಹಗಲೆಲ್ಲ ಒಡೆಯನೆದುರು ಬಾಗಿದ ಬೆನ್ನು, ಪರದೆಯ ಮರೆಗೆ ಹೋದಾಗ ನೆಟ್ಟಗಾಯಿತು. ಗುಪ್ತಮತದಾನದ ಬೆಲೆಯನ್ನು ಈ ನೆಲದಲ್ಲಿ ಅವನಷ್ಟು ಚೆನ್ನಾಗಿ ಅರಿತವರು ಇರಲಾರರು.

1972ರಲ್ಲಿ ಸಾಗರ ಆರಿಸಿದ್ದು ಸಮಾಜವಾದಿಯಾದ ಕಾಗೋಡು ತಿಮ್ಮಪ್ಪನವರನ್ನು. ಆದರೆ ಸಮಾಜವಾದಿಗಳು ಕೇಳಿದ್ದನ್ನು ಕೊಟ್ಟಿದ್ದು ಕಾಂಗ್ರೆಸ್! ದೇವರಾಜ ಅರಸರ ಕಾಲದ ಭೂಸುಧಾರಣಾ ಶಾಸನ 1974ರಲ್ಲಿ ಜಾರಿಗೆ ಬಂದು, ಗೇಣಿ ಪದ್ಧತಿಯನ್ನೇ ತೊಡೆದು ಉಳುವವನನ್ನು ಒಡೆಯನನ್ನಾಗಿಸಿತು. ಕೊಟ್ಟ ಕೈಯ ಕಡೆಗೆ ಮತ ಒಲಿದರೆ ಅದನ್ನು ಚಾಂಚಲ್ಯವೆನ್ನಲಾಗದು. ತಿಮ್ಮಪ್ಪನವರೂ ಮುಂದೆ ಕಾಂಗ್ರೆಸ್ ಸೇರಿ 1989, 1994, 1999ರಲ್ಲಿ ಗೆದ್ದರು.

ಆ ಬಳಿಕದ ಕಥೆ ಈ ವಾರಪತ್ರಿಕೆಯ ಧಾರಾವಾಹಿಗೆ ಸೋಲುವಂಥದಲ್ಲ. 2004ರಲ್ಲಿ, ಮತ್ತೆ 2008ರಲ್ಲಿ, ತಿಮ್ಮಪ್ಪನವರು ಸೋತದ್ದು ಭಾರತೀಯ ಜನತಾ ಪಕ್ಷದ ಬೇಳೂರು ಗೋಪಾಲಕೃಷ್ಣರಿಗೆ—ಸ್ವಂತ ಅಳಿಯನಿಗೆ. 2013ರಲ್ಲಿ ಮಾವ ಮರಳಿ ಗೆದ್ದು ಸಭಾಧ್ಯಕ್ಷರಾದರು. 2018ರಲ್ಲಿ ಕ್ಷೇತ್ರ ಮತ್ತೆ ಕಮಲಕ್ಕೆ ಸಂದಿತು. 2023ರಲ್ಲಿ ಅಳಿಯ ಗೆದ್ದದ್ದು ಕಾಂಗ್ರೆಸ್ಸಿನಿಂದ. ಆ ಚುನಾವಣೆಗೆ ಮುನ್ನ ತಿಮ್ಮಪ್ಪನವರ ಮಗಳು ಭಾರತೀಯ ಜನತಾ ಪಕ್ಷವನ್ನು ಸೇರಿದ್ದರು. ಲೋಕಸಭೆಯ ಮಾತೂ ಅಂಥದೇ. ಸೊರಬದ ಬಂಗಾರಪ್ಪನವರು ಶಿವಮೊಗ್ಗದಿಂದ 1999ರಲ್ಲಿ ಕಾಂಗ್ರೆಸ್ಸಿನಿಂದ, 2004ರಲ್ಲಿ ಕಮಲದಿಂದ, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದ ಸೈಕಲ್ಲಿನಿಂದ ಗೆದ್ದರು. ಗುರುತು ಬದಲಾದಂತೆ ಮತದಾರ ಬದಲಾದನೋ, ಅಭ್ಯರ್ಥಿಯೊಡನೆ ಗುರುತೇ ಹಿಂಬಾಲಿಸಿತೋ, ಮಂಡಿಯ ಪಂಡಿತರೇ ಹೇಳಬೇಕು.

ದೀವರು, ಲಿಂಗಾಯತರು, ಹವ್ಯಕರು ಎಂದು ಮತಗಳನ್ನು ಗೋಟುಗಳಂತೆ ರಾಶಿ ಹಾಕಿ ಎಣಿಸುವ ವಿದ್ಯೆ ಅಲ್ಲಿ ಎಲ್ಲರಿಗೂ ಕರಗತ. ಸುಳ್ಳೆನ್ನುವಂತಿಲ್ಲ, ಜಾತಿಯ ತೂಕ ಉಂಟು. ಆದರೆ ಗೇಣಿ ಕೊಟ್ಟವನ ಮೊಮ್ಮಗನೂ ಗೇಣಿ ಪಡೆದವನ ಮೊಮ್ಮಗನೂ ಒಂದೇ ಮಂಡಿಯಲ್ಲಿ ಒಂದೇ ಧಾರಣೆಗಾಗಿ ಕಾಯುವಂತಾದ ಮೇಲೆ ಹಳೆಯ ರಾಶಿಗಳು ಅಲ್ಲಲ್ಲಿ ಕಲೆತುಹೋಗಿವೆ.

ಕಲೆಯದೆ ಉಳಿದದ್ದು ಮುಳುಗಡೆಯವರ ಲೆಕ್ಕ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆ ಶರಾವತಿ ಕಣಿವೆಯ ಹಳ್ಳಿಗಳನ್ನು ನುಂಗಿತು, ನಾಡಿಗೆ ಬೆಳಕಾಯಿತು. ಎದ್ದುಬಂದವರನ್ನು ಕೂರಿಸಿದ ನೆಲ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. ಗೇಣಿದಾರನಿಗೆ ದೊರೆತ ಪತ್ರ ಇವರಲ್ಲಿ ಅನೇಕರಿಗೆ ದೊರೆಯಲಿಲ್ಲ. 2023ರಲ್ಲಿಯೂ ಹಕ್ಕುಪತ್ರದ ಮಾತು ಎಲ್ಲ ಪಕ್ಷಗಳ ಭಾಷಣಗಳಲ್ಲಿ ಕೇಳಿಬಂತು. ದಶಕಗಳ ಕಾಲ ಲಾಂಚನ್ನೇ ನೆಚ್ಚಿದ್ದ ತುಮರಿಯವರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ ತಿಂಗಳಲ್ಲಿ ತೆರೆಯಿತು. ಇನ್ನು ಮತ ಕೇಳುವವರು ಹಿನ್ನೀರನ್ನು ದಾಟಲು ಲಾಂಚಿಗೆ ಕಾಯಬೇಕಿಲ್ಲ. ಆಚೆ ದಡದ ಮನೆಗಳಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟ ಅರ್ಜಿಯ ನಕಲುಗಳು ಹಳದಿಗಟ್ಟಿ ಕುಳಿತಿವೆ. ಬಂದವರಿಗೆಲ್ಲ ಮನೆಯ ಹಿರಿಯರು ಅವನ್ನು ಬಿಚ್ಚಿ ತೋರಿಸುತ್ತಾರೆ.