ವೆಲ್ಲೂರು ಕೋಟೆಯ ನೆರಳಿನಲ್ಲಿ

ಬೆಂಗಳೂರಿನಿಂದ ಹೊರಟ ರೈಲು ಜೋಲಾರಪೇಟೆಯನ್ನು ದಾಟಿ ಕಾಟ್ಪಾಡಿಯಲ್ಲಿ ನಿಂತಾಗ, ಇಳಿಯುವವರಲ್ಲಿ ಅನೇಕರ ಕೈಯಲ್ಲಿ ಆಸ್ಪತ್ರೆಯ ಕಾಗದಪತ್ರಗಳ ದೊಡ್ಡ ಲಕೋಟೆಗಳು ಕಾಣುತ್ತವೆ. 2023ರ ಜನವರಿಯಲ್ಲಿ ಆ ಗುಂಪಿನಲ್ಲಿ ನಾವೂ ಮೂವರಿದ್ದೆವು: ನಮ್ಮ ಹಿರಿಯಣ್ಣನವರು, ಅತ್ತಿಗೆಯವರು ಮತ್ತು ನಾನು. ಬ್ಯಾಡಗಿ ಸೀಮೆಯ ನಮ್ಮ ಹೊಲದಲ್ಲಿ ಮೆಣಸಿನಕಾಯಿ ಕೆಂಪಾಗಿ ನಿಂತಿತ್ತು. ಬಿಡಿಸುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ, ಅಣ್ಣನವರ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗಾಗಿ ಬಂದಿದ್ದೆವು.

ಕಾಟ್ಪಾಡಿಯಿಂದ ಊರಿಗೆ ಹೋಗುವಾಗ ಪಾಲಾರ್ ನದಿಯ ಸೇತುವೆ ಸಿಗುತ್ತದೆ. ನಮ್ಮ ನಂದಿಬೆಟ್ಟದ ಸೀಮೆಯಲ್ಲಿಯೇ ಹುಟ್ಟಿದ ಹೊಳೆಯಿದು. ಇಲ್ಲಿ ವರ್ಷದ ಬಹುಕಾಲ ಬರಿಯ ಮರಳಿನ ಹಾಸು. “ನೀರಿಲ್ಲದ ಹೊಳಿಗೆ ಇಷ್ಟುದ್ದ ಸೇತುವಿ ಯಾಕೋ?” ಎಂದು ಅಣ್ಣನವರು ನಕ್ಕರು. ಆ ನಗುವನ್ನು ಮತ್ತೆ ಕಾಣಲು ನಾವು ಬಹಳ ದಿನ ಕಾಯಬೇಕಾಯಿತು.

1900ರಲ್ಲಿ ಅಮೆರಿಕದ ವೈದ್ಯೆ ಐಡಾ ಸ್ಕಡ್ಡರ್ ಇಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯವನ್ನು ತೆರೆದರು. ಅದು ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಾಗಿ ಬೆಳೆಯಿತು. ಬೇರೆ ಆಸ್ಪತ್ರೆಗಳೂ ಎದ್ದವು, ಊರೇ ರೋಗಿಗಳ ಊರಾಯಿತು. ವಸತಿಗೃಹಗಳ ಓಣಿಯಲ್ಲಿ ಬಂಗಾಳಿ ಫಲಕಗಳನ್ನು ಕಂಡರೆ ಇದು ತಮಿಳುನಾಡೋ ಕಲಕತ್ತೆಯೋ ಎಂಬ ಅನುಮಾನ ಬರುತ್ತದೆ. ತಿಂಗಳುಗಟ್ಟಲೆ ತಂಗುವವರಿಗೆ ಒಲೆ, ಪಾತ್ರೆಗಳೂ ಬಾಡಿಗೆಗೆ ದೊರೆಯುತ್ತವೆ. ಅತ್ತಿಗೆಯವರು ಊರಿಂದ ತಂದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯತೊಡಗಿದಾಗ, ಆ ಸಪ್ಪಳ ಏನೆಂದು ನೋಡಲು ಪಕ್ಕದ ಕೋಣೆಯ ಬಂಗಾಳಿ ತಾಯಿ ಬಂದು ನಿಂತರು. ಭಾಷೆ ಬಾರದ ಅವರಿಬ್ಬರೂ ಅಂದಿನಿಂದ ಗೆಳತಿಯರಾದರು.

ಶಸ್ತ್ರಚಿಕಿತ್ಸೆಯ ಮುಂಜಾನೆ ಕೊರಳಿನ ಕರಡಿಗೆಯನ್ನು ತೆಗೆಯಬೇಕಾಯಿತು. ಬಾಲ್ಯದಿಂದ ಮೈಬಿಡದ ಇಷ್ಟಲಿಂಗವನ್ನು ಅತ್ತಿಗೆಯವರ ಅಂಗೈಯಲ್ಲಿಟ್ಟು, ಒಂದೂ ಮಾತಾಡದೆ ಅಣ್ಣನವರು ಒಳಗೆ ಹೋದರು. ಶಸ್ತ್ರಚಿಕಿತ್ಸೆ ಸುಸೂತ್ರವಾಗಿಯೇ ಆಯಿತು. ಕಷ್ಟ ಮೊದಲಾದದ್ದು ಮೂರನೆಯ ದಿನ. ಅವರಿಗೆ ನನ್ನ ಗುರುತು ಹತ್ತಲಿಲ್ಲ. ಹೊಲದಲ್ಲಿದ್ದೇನೆಂದು ತಿಳಿದು ಆಳುಗಳನ್ನು ಕರೆಯುತ್ತಿದ್ದರು. ಕೈ ಮಾತ್ರ ಮತ್ತೆ ಮತ್ತೆ ಎದೆಯ ಕಟ್ಟಿನ ಮೇಲೆ ತಡಕಾಡುತ್ತಿತ್ತು. ನೋವೆಂದು ಭಾವಿಸಿ ನಾನು ಔಷಧಿಗಾಗಿ ಗೋಗರೆದೆ. ಅತ್ತಿಗೆಯವರು ಸ್ವಲ್ಪ ಹೊತ್ತು ನೋಡಿ, “ನೋವಲ್ಲ ತಮ್ಮಾ, ಅವರು ಲಿಂಗ ಹುಡುಕಾಕತ್ತಾರ” ಎಂದರು.

ವೈದ್ಯರು ಸಮ್ಮತಿಸಿದರು. ಕರಡಿಗೆಯನ್ನು ಬಿಟ್ಟು, ಮಡಿಬಟ್ಟೆಯಲ್ಲಿ ಸುತ್ತಿ, ಸೂಜಿ ಚುಚ್ಚದಿದ್ದ ತೋಳಿಗೆ ಇಷ್ಟಲಿಂಗವನ್ನು ಕಟ್ಟಿದೆವು. ಭ್ರಮೆ ಕೂಡಲೇ ಹರಿಯಿತೆಂದು ನಾನು ಹೇಳಲಾರೆ. ಅದಕ್ಕೆ ಇನ್ನೆರಡು ದಿನ ಬೇಕಾಯಿತು. ಕೈಯ ತಡಕಾಟ ಮಾತ್ರ ಅಂದೇ ನಿಂತಿತು. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ವಯಸ್ಸಾದವರಲ್ಲಿ ಇಂತಹ ಭ್ರಮೆ ಅಪರೂಪವಲ್ಲವೆಂದೂ, ಪರಿಚಿತ ಧ್ವನಿ, ಅವರದೇ ಕನ್ನಡಕ, ಹಗಲು ರಾತ್ರಿಗಳ ಅರಿವು ಇವು ನೆರವಾಗುತ್ತವೆಂದೂ ವೈದ್ಯರು ತಿಳಿಸಿದರು.

ವಸತಿಗೃಹಕ್ಕೆ ಮರಳಿದ ಮೇಲಿನ ದಿನಗಳು ಇನ್ನೂ ಕಠಿಣ. ಸೀಳಿ ತಂತಿಯಿಂದ ಬಿಗಿದ ಎದೆಮೂಳೆ ಕೂಡಿಕೊಳ್ಳಲು 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ಭಾರ ಎತ್ತಬಾರದು, ಕೈಯೂರಿ ಏಳಬಾರದು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವಚಿಕೊಳ್ಳಬೇಕು. ಮೆಣಸಿನಕಾಯಿ ಚೀಲ ಹೊತ್ತ ಹೆಗಲಿಗೆ, ಹಾಸಿಗೆಯಿಂದೇಳಲು ಹೆಂಡತಿಯ ನೆರವು ಬೇಕಾದದ್ದು ಸಹಿಸಲಾಗಲಿಲ್ಲ. ತಟ್ಟೆಯನ್ನು ತಳ್ಳಿದರು, ಮಾತು ಬಿಟ್ಟರು. ಅತ್ತಿಗೆಯವರು ಒಲೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೂ ಕಾಣದಂತಿದ್ದೆ. ನಮ್ಮ ತಪ್ಪೂ ಇತ್ತು. ಬಂಧುಗಳೆಲ್ಲ ದೂರವಾಣಿಯಲ್ಲಿ “ಹ್ಯಾಂಗದಾರ?” ಎಂದು ಕೇಳುವುದು, ನಾನು ಅವರೆದುರಿಗೇ ಗಾಯದ ವರದಿ ಒಪ್ಪಿಸುವುದು ದಿನವಿಡೀ ನಡೆದಿತ್ತು. ಒಂದು ದಿನ ಅತ್ತಿಗೆಯವರು ದೂರವಾಣಿಯನ್ನು ಆರಿಸಿ ಪೆಟ್ಟಿಗೆಯಲ್ಲಿಟ್ಟರು. ಅಂದಿನಿಂದ ಸಂಜೆ ಒಮ್ಮೆ ಮಾತ್ರ, ಅದೂ ಹೊರಗಡೆ ನಿಂತು ಮಾತಾಡುವುದೆಂದಾಯಿತು.

ನಡೆದಾಡಬೇಕೆಂದು ವೈದ್ಯರ ಕಟ್ಟಪ್ಪಣೆಯಿತ್ತು. ಮೊದಲು ಓಣಿಯ ತುದಿ, ಬಳಿಕ ಕೋಟೆ. ವಿಜಯನಗರ ಕಾಲದ, 16ನೆಯ ಶತಮಾನದ ಈ ಕಲ್ಲುಕೋಟೆಯ ಸುತ್ತ ಅಗಲವಾದ ಕಂದಕವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಕುಟುಂಬವನ್ನು ಇಲ್ಲಿಯೇ ಇರಿಸಿದ್ದರು; 1806ರ ಜುಲೈ 10ರಂದು ಸಿಪಾಯಿಗಳು ದಂಗೆಯೆದ್ದದ್ದೂ ಇಲ್ಲಿಯೇ. ಒಳಗಿನ ಜಲಕಂಠೇಶ್ವರ ದೇವಾಲಯದ ಕಲ್ಯಾಣಮಂಟಪದ ಕಂಬಗಳಲ್ಲಿ ಕುದುರೆಗಳೂ ಯಾಳಿಗಳೂ ಈಗಷ್ಟೇ ನೆಗೆದಂತಿವೆ. ಬಹುಕಾಲ ಪೂಜೆಯಿಲ್ಲದಿದ್ದ ಈ ಗುಡಿಯಲ್ಲಿ 1981ರಲ್ಲಿ ಲಿಂಗವನ್ನು ಮತ್ತೆ ಪ್ರತಿಷ್ಠಾಪಿಸಿದರು.

ಶಸ್ತ್ರಚಿಕಿತ್ಸೆಯ 24ನೆಯ ದಿನ ಅಣ್ಣನವರು ಆ ಮಂಟಪದವರೆಗೆ ನಡೆದರು. ನಡುವೆ ಮೂರು ಕಡೆ ಕುಳಿತರು. ಅತ್ತಿಗೆಯವರು ನೀರಿನ ತಂಬಿಗೆ ಹಿಡಿದು ಎರಡು ಹೆಜ್ಜೆ ಹಿಂದೆಯೇ ಇದ್ದರು, ಕೈಹಿಡಿಯಲು ಹೋಗಲಿಲ್ಲ. ಕಂಬಕ್ಕೆ ಒರಗಿ ದಮ್ಮು ತೆಗೆದುಕೊಂಡ ಅಣ್ಣನವರು ಯಾಳಿಯ ಬಾಯೊಳಗೆ ಇಣುಕಿದರು, ನನ್ನ ಕಡೆ ತಿರುಗಿದರು.

“ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಧಾರಣಿ ಏನೈತಿ?”

ನನಗೆ ತಿಳಿದಿರಲಿಲ್ಲ. “ಇಷ್ಟು ದಿನ ಏನ್ ಮಾಡಾಕತ್ತಿದ್ದಿ?” ಎಂದು ಗದರಿದರು. ಅತ್ತಿಗೆಯವರು ಸೆರಗಿನ ಮರೆಯಿಂದ ದೂರವಾಣಿಯನ್ನು ತೆಗೆದು, ತಾವೇ ಊರಿಗೆ ಹಚ್ಚಿ, ಅವರ ಕೈಗೆ ಕೊಟ್ಟರು.